ಕಂಪ್ರೆಸರ್ ಹಾಕಿದ ಮೇಲೆ ಮೈಕ್ ಹೆಚ್ಚು ಕೂಗುತ್ತಿದೆ: ಲೈವ್ ಸೌಂಡ್‌ಗೆ ಕಂಪ್ರೆಸರ್, ಎಫೆಕ್ಟ್ ಆರಿಸುವ ಬಗೆ

ಪ್ರಶ್ನೆ: ತೀರ್ಥಹಳ್ಳಿ ಕಡೆ ಸೌಂಡ್ಸ್ ಬಾಡಿಗೆಗೆ ಕೊಡುತ್ತೇವೆ. 24 ಚಾನೆಲ್‌ನ ಅನಲಾಗ್ ಮಿಕ್ಸರ್ ಇದೆ. 4 ಗ್ರೂಪ್ (ಹಲವು ಚಾನೆಲ್ ಕೂಡಿಸಿ ಒಂದೇ ಫೇಡರ್, ಅಂದರೆ ಜಾರುಗುಂಡಿಯಲ್ಲಿ ನಡೆಸುವ ದಾರಿ), 6 ಆಕ್ಸ್ (ಮಾನಿಟರ್, ಎಫೆಕ್ಟ್‌ಗೆ ಬೇರೆಯಾಗಿ ಕಳಿಸುವ ದಾರಿ). ಗಣೇಶೋತ್ಸವದಲ್ಲಿ ಆರ್ಕೆಸ್ಟ್ರಾ, ದೀಪಾವಳಿ ಕಳೆದ ಮೇಲೆ ಯಕ್ಷಗಾನ, ಮದುವೆ ತಿಂಗಳಲ್ಲಿ ಕಲ್ಯಾಣ ಮಂಟಪದ ರಸಮಂಜರಿ. ಎರಡು ಚಾನೆಲ್‌ನ ಒಂದು ಕಂಪ್ರೆಸರ್ ತಂದು ಹಾಡುಗಾರರ ಚಾನೆಲ್‌ಗಳಿಗೆ ಹಾಕಿದೆವು. ಅಂದಿನಿಂದ ಮೈಕ್ ಮೊದಲಿಗಿಂತ ಹೆಚ್ಚು ಕೂಗುತ್ತಿದೆ. ನಮ್ಮ ಸಿಸ್ಟಮ್‌ಗೆ ಎಷ್ಟು ಕಂಪ್ರೆಸರ್ ಬೇಕು, ಎಂಥದ್ದು ಬೇಕು? ಎಕೋಗೆ ಯಾವ ಯಂತ್ರ ತೆಗೆದುಕೊಳ್ಳಲಿ? ಹಳೆಯ ಎಫೆಕ್ಟ್ ಯಂತ್ರ ಯಮಾಹಾ ಎಸ್‌ಪಿಎಕ್ಸ್90 ಒಂದು ಮಾರಾಟಕ್ಕಿದೆ, ಕೊಳ್ಳಬಹುದೇ?

ಉತ್ತರ: ಮೊದಲು ಕೂಗುವ ವಿಚಾರ ಮುಗಿಸೋಣ. ಅದು ಅರ್ಥವಾದರೆ ಎಷ್ಟು ಕೊಳ್ಳಬೇಕು, ಎಲ್ಲಿ ಹಾಕಬೇಕು ಎನ್ನುವುದು ಅರ್ಧ ತಾನಾಗಿಯೇ ತೀರ್ಮಾನವಾಗುತ್ತದೆ. ನಿಮ್ಮ ಯಂತ್ರ ಕೆಟ್ಟಿಲ್ಲ, ಅದನ್ನು ಚುಚ್ಚಿದ ಜಾಗ ತಪ್ಪಾಗಿದೆ. ಜೊತೆಗೆ ಔಟ್‌ಪುಟ್ ಗೇನ್ ಗುಂಡಿಯನ್ನೂ ತಿರುಗಿಸಿದ್ದೀರಿ ಎಂದು ನನ್ನ ಊಹೆ.

ಕಂಪ್ರೆಸರ್ ಮಾಡುವುದು ಒಂದೇ ಕೆಲಸ. ಥ್ರೆಷೋಲ್ಡ್, ಅಂದರೆ ನೀವು ಇಟ್ಟ ಗಡಿ ಮಟ್ಟ, ದಾಟಿದ ಸದ್ದನ್ನು ಕೆಳಗೆ ಒತ್ತುತ್ತದೆ, ಅದರ ಕೆಳಗಿದ್ದದ್ದನ್ನು ಮುಟ್ಟುವುದಿಲ್ಲ. ಒಬ್ಬ ಹಾಡುಗಾರನ ಮೆಲುದನಿಗೂ ಏರುದನಿಗೂ 20 ಡಿಬಿ (ಡೆಸಿಬೆಲ್) ಅಂತರ ಇದೆ ಎಂದುಕೊಳ್ಳಿ. ಥ್ರೆಷೋಲ್ಡನ್ನು ಅವನ ಏರುದನಿಗಿಂತ 9 ಡಿಬಿ ಕೆಳಗೆ ಇಟ್ಟು ರೇಷಿಯೋ 3:1 ಕೊಟ್ಟರೆ, ಮೇಲಿನ ಆ 9 ಡಿಬಿ 3 ಆಗುತ್ತದೆ. ಅಂದರೆ 6 ಡಿಬಿ ಇಳಿಯಿತು, ಒಟ್ಟು ಅಂತರ 14ಕ್ಕೆ ಬಂತು. ಇಷ್ಟರವರೆಗೆ ಯಾವ ತೊಂದರೆಯೂ ಇಲ್ಲ. ಆಮೇಲೆ "ದನಿ ಸಣ್ಣದಾಯಿತಲ್ಲ" ಎಂದು ಔಟ್‌ಪುಟ್ ಗೇನನ್ನು 6 ಡಿಬಿ ಏರಿಸುತ್ತೇವೆ. ಹಾಡುಗಾರ ಜೋರಾಗಿ ಹಾಡುವಾಗ ಇದರಿಂದ ಏನೂ ಆಗುವುದಿಲ್ಲ, ಏಕೆಂದರೆ ಕಂಪ್ರೆಸರ್ ಅಷ್ಟನ್ನೇ ಒತ್ತಿ ಹಿಡಿದಿರುತ್ತದೆ. ಅವನು ಉಸಿರೆಳೆಯಲು ನಿಂತ, ಪಲ್ಲವಿ ಮುಗಿದು ಕೀಬೋರ್ಡ್ ಶುರುವಾಯಿತು: ಆಗ ಕಂಪ್ರೆಸರ್ ಹಿಡಿತ ಬಿಡುತ್ತದೆ, ಮೈಕ್ ಮೊದಲಿಗಿಂತ ಪೂರ್ತಿ 6 ಡಿಬಿ ಹೆಚ್ಚು ತೆರೆದು ನಿಲ್ಲುತ್ತದೆ. ಕೂಗಲು ನಿಮಗೆ ಉಳಿದಿದ್ದ ಅಂತರವೇ 6 ಡಿಬಿ ಆಗಿದ್ದರೆ ಆ ಕ್ಷಣ ಅದು ಸೊನ್ನೆ. ನೀವು ಗಮನಿಸಿ ನೋಡಿ, ಹಾಡುವಾಗ ಕೂಗುವುದಿಲ್ಲ, ಹಾಡು ನಿಂತ ಕೂಡಲೇ ಸಣ್ಣಗೆ "ಕೂ" ಎಂದು ಶುರುವಾಗುತ್ತದೆ. ಈ ಲಕ್ಷಣ ಕಂಡರೆ ಕಾರಣ ಬೇರೆ ಹುಡುಕಬೇಕಾಗಿಲ್ಲ.

ಎರಡನೆಯ ತಪ್ಪು ಜಾಗದ್ದು. ಬಹುಪಾಲು ಅನಲಾಗ್ ಮಿಕ್ಸರ್‌ಗಳಲ್ಲಿ ಚಾನೆಲ್ ಇನ್ಸರ್ಟ್ (ಹೊರಗಿನ ಯಂತ್ರವನ್ನು ನಡುವೆ ಸೇರಿಸುವ ಸಾಕೆಟ್) ಇರುವುದು ಪ್ರೀಆಂಪ್ ಮತ್ತು ಲೋ ಕಟ್ (ತಗ್ಗು ಸದ್ದು ತೆಗೆಯುವ ಗುಂಡಿ) ಆದ ಮೇಲೆ, ಟೋನ್ ಹೊಂದಿಸುವ ಇಕ್ಯೂಗಿಂತ ಮೊದಲು. ಮಾನಿಟರ್‌ಗೆ ಹೋಗುವ ಪ್ರೀ ಫೇಡರ್ (ಫೇಡರ್‌ಗಿಂತ ಮೊದಲೇ ಹೊರಡುವ) ಆಕ್ಸ್ ಸಿಗ್ನಲ್ ತೆಗೆದುಕೊಳ್ಳುವುದು ಅದರಾಚೆಗೆ. ಹಾಗಾಗಿ ಚಾನೆಲ್ ಇನ್ಸರ್ಟ್‌ಗೆ ಹಾಕಿದ ಕಂಪ್ರೆಸರ್ ಹಾಡುಗಾರನ ಕಾಲ ಬಳಿಯ ಮಾನಿಟರ್‌ನಲ್ಲೂ ಕೆಲಸ ಮಾಡುತ್ತದೆ. ಅವನು ದನಿ ಏರಿಸಿದರೂ ತನಗೆ ತಾನು ಏರಿದಂತೆ ಕೇಳುವುದಿಲ್ಲ, ಇನ್ನೂ ಗಂಟಲು ಹರಿದುಕೊಳ್ಳುತ್ತಾನೆ, "ಮಾನಿಟರ್ ಜಾಸ್ತಿ ಮಾಡಿ" ಎಂದು ಕೈ ಎತ್ತುತ್ತಾನೆ. ನೀವು ಏರಿಸುತ್ತೀರಿ. ಹಾಡು ನಿಂತಾಗ ಅದೇ ಮಾನಿಟರ್ ಎಲ್ಲಕ್ಕಿಂತ ಮೊದಲು ಕೂಗುತ್ತದೆ.

ಆದ್ದರಿಂದ ಹಾಡುಗಾರರ ಕಂಪ್ರೆಸರನ್ನು ಚಾನೆಲ್‌ನಿಂದ ಕಿತ್ತು ಗ್ರೂಪ್ ಇನ್ಸರ್ಟ್‌ಗೆ ಹಾಕಿ. ಗ್ರೂಪ್ ಇನ್ಸರ್ಟ್‌ನ ಕೆಲಸ ಹೊರಗಿನ ಬಾಕ್ಸ್‌ಗಳಿಗೆ ಮಾತ್ರ ತಲುಪುತ್ತದೆ, ಮಾನಿಟರ್‌ಗೆ ಹಾಡುಗಾರನ ದನಿ ಒತ್ತಿಲ್ಲದೆ ಹೋಗುತ್ತದೆ. ನಿಮ್ಮಲ್ಲಿ ನಾಲ್ಕು ಗ್ರೂಪ್ ಇರುವುದು ದೊಡ್ಡ ಅನುಕೂಲ. ಗಂಡು ದನಿಯ ಮುಖ್ಯ ಗಾಯಕ 1ಕ್ಕೆ, ಹೆಣ್ಣು ದನಿ 2ಕ್ಕೆ, ಕೋರಸ್ ಮತ್ತು ನಿರೂಪಕರು 3ಕ್ಕೆ. ನಾಲ್ಕನೆಯದನ್ನು ಸದ್ಯ ಹಾಗೇ ಬಿಡಿ, ಎಫೆಕ್ಟ್‌ಗೆ ಬೇಕಾಗುತ್ತದೆ. ಚಾನೆಲ್‌ನಲ್ಲಿ 1-2ರ ಗುಂಡಿ ಒತ್ತಿ ಪ್ಯಾನನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಗ್ರೂಪ್ 1, ಪೂರ್ತಿ ಬಲಕ್ಕೆ ತಿರುಗಿಸಿದರೆ ಗ್ರೂಪ್ 2. ಅದೇ ಚಾನೆಲ್‌ನ ಎಲ್-ಆರ್ ಗುಂಡಿ ಎದ್ದಿರಬೇಕು. ಅದೂ ಒತ್ತಿಕೊಂಡಿದ್ದರೆ ಒತ್ತದ ದನಿ ಪಕ್ಕದ ದಾರಿಯಲ್ಲಿ ನುಗ್ಗಿ ಕಂಪ್ರೆಸರ್ ಮಾಡಿದ್ದನ್ನೆಲ್ಲ ಹಾಳು ಮಾಡುತ್ತದೆ. "ಕಂಪ್ರೆಸರ್ ಕೆಲಸವೇ ಮಾಡುತ್ತಿಲ್ಲ" ಎನ್ನುವ ದೂರುಗಳಲ್ಲಿ ಬಹಳಷ್ಟು ಈ ಒಂದು ಗುಂಡಿಯದ್ದು. ಗ್ರೂಪ್‌ನಿಂದ ಮೇನ್‌ಗೆ ಹೋಗುವಾಗ ಎಡ, ಬಲ ಎರಡಕ್ಕೂ ಹೋಗುತ್ತಿದೆಯೇ ಎಂದೂ ನೋಡಿಕೊಳ್ಳಿ.

ಗ್ರೂಪ್‌ನಲ್ಲಿ ಹಾಕುವಾಗ ತಿಳಿದಿರಬೇಕಾದ ಎರಡು ಸಂಗತಿ ಇವೆ. ಒಂದು, ಚಾನೆಲ್ ಫೇಡರ್ ಏರಿಸಿದರೆ ಕಂಪ್ರೆಸರ್‌ಗೆ ಹೋಗುವ ಸದ್ದೂ ಏರುತ್ತದೆ, ಅದು ಇನ್ನಷ್ಟು ಒತ್ತುತ್ತದೆ. ದನಿ ಜೋರಾಗಬೇಕಿದ್ದರೆ ಗ್ರೂಪ್ ಫೇಡರನ್ನೇ ಎತ್ತಿ, ಚಾನೆಲ್ ಫೇಡರ್ 0ಯ ಸುತ್ತಮುತ್ತ ಇರಲಿ. ಎರಡು, ಎಕೋಗೆ ಹೋಗುವ ಆಕ್ಸ್ ಚಾನೆಲ್‌ನಿಂದಲೇ ಹೊರಡುವುದರಿಂದ ಅದು ಒತ್ತಿದ ದನಿಯಲ್ಲ. ಹಾಡುಗಾರ ಕೂಗಿ ಹಾಡಿದ ಕಡೆ ದನಿ ಅಂಕೆಯಲ್ಲಿದ್ದರೂ ಎಕೋ ಮಾತ್ರ ಚಿಮ್ಮುತ್ತದೆ. ಕಂಪ್ರೆಸರ್‌ನ ಒಂದು ಚಾನೆಲ್ ಖಾಲಿ ಇದ್ದರೆ ಆಕ್ಸ್ ಔಟ್ ಮತ್ತು ರಿವರ್ಬ್ ಇನ್‌ಪುಟ್ ನಡುವೆ ಕೂರಿಸಿ, 4:1 ಕೊಡಿ. ಚಿಮ್ಮುವುದು ನಿಲ್ಲುತ್ತದೆ.

ಇನ್ನು ಎಷ್ಟು ಬೇಕು ಎಂಬ ಲೆಕ್ಕ. ಆರ್ಕೆಸ್ಟ್ರಾಗೆ ಮೂರು ದನಿ ಗ್ರೂಪ್, ಒಂದು ಬೇಸ್ ಗಿಟಾರ್, ಒಂದು ಕಿಕ್ ಡ್ರಮ್, ಮೇಲೆ ಹೇಳಿದ ಎಕೋ ದಾರಿಗೆ ಒಂದು. ಆರು ಚಾನೆಲ್, ಅಂದರೆ ಎರಡು ಚಾನೆಲ್‌ನ ಮೂರು ಯಂತ್ರ. ಒಂದು ನಿಮ್ಮಲ್ಲಿದೆ, ಇನ್ನೆರಡು ಸಾಕು. ಬೇಸ್ ಗಿಟಾರ್, ಕಿಕ್ ಎರಡನ್ನೂ ಚಾನೆಲ್ ಇನ್ಸರ್ಟ್‌ಗೇ ಹಾಕಬಹುದು. ಗಿಟಾರ್ ಮೈಕ್ ಇಲ್ಲದೆ ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರ್‌ಗೆ ಜೋಡಿಸುವ ಡಬ್ಬಿ) ಮೂಲಕ ಬರುತ್ತದೆ, ಕಿಕ್ ಮೈಕ್‌ನ ಗೇನ್ ಕಡಿಮೆ. ಅಲ್ಲಿ ಕೂಗುವ ಭಯ ಅಷ್ಟಾಗಿ ಇಲ್ಲ. ರಿದಮ್ ಪ್ಯಾಡ್‌ಗೆ ಬೇಡ, ಅದರೊಳಗಿನ ಸದ್ದುಗಳನ್ನು ರೆಕಾರ್ಡ್ ಮಾಡುವಾಗಲೇ ಒತ್ತಿ ಹದ ಮಾಡಿರುತ್ತಾರೆ. ಕರೋಕೆ ಟ್ರ್ಯಾಕ್‌ಗೂ ಬೇಡ. ತಬಲ, ಢೋಲಕ್‌ಗೆ ಹಾಕಿದರೆ ಎಡಗೈಯ ಗುಂಕಿಯ ಏರಿಳಿತವೇ ಸಾಯುತ್ತದೆ. ಕೀಬೋರ್ಡ್‌ನವರು ಟೋನ್ ಬದಲಿಸಿದಾಗ ಸದ್ದು ಹಠಾತ್ತನೆ ಹಾರುವುದುಂಟು, ಅದಕ್ಕೆ ಟೋನ್‌ಗಳ ಮಟ್ಟವನ್ನು ಅವರೇ ಸರಿಮಾಡಿಕೊಳ್ಳಲಿ ಎಂದು ಸೌಂಡ್‌ಚೆಕ್‌ನಲ್ಲಿ ಕೇಳುವುದೇ ಒಳ್ಳೆಯದು.

ಯಾವ ಯಂತ್ರ ಎಂದರೆ, ಪ್ರತಿ ಚಾನೆಲ್‌ಗೂ ಥ್ರೆಷೋಲ್ಡ್, ರೇಷಿಯೋ, ಅಟ್ಯಾಕ್ (ಹಿಡಿಯಲು ಬೇಕಾಗುವ ಸಮಯ), ರಿಲೀಸ್ (ಹಿಡಿತ ಬಿಡಲು ಬೇಕಾಗುವ ಸಮಯ), ಔಟ್‌ಪುಟ್ ಐದಕ್ಕೂ ಬೇರೆ ಬೇರೆ ಗುಂಡಿ ಇರಬೇಕು. ಎಷ್ಟು ಒತ್ತುತ್ತಿದೆ ಎಂದು ತೋರಿಸುವ ಎಲ್‌ಇಡಿ ಸಾಲು ಕತ್ತಲಲ್ಲೂ ದೂರದಿಂದ ಓದುವಂತಿರಬೇಕು. ಮೆನುವಿನೊಳಗೆ ಹೋಗಿ ಹುಡುಕುವ ಯಂತ್ರ ಲೈವ್ ಕೆಲಸಕ್ಕೆ ಬೇಡ, ಹಾಡು ನಿಮ್ಮನ್ನು ಕಾಯುವುದಿಲ್ಲ. ಡಿಬಿಎಕ್ಸ್ 166ಎಕ್ಸ್‌ಎಸ್, 266ಎಕ್ಸ್‌ಎಸ್ ಈ ಕೆಲಸಕ್ಕೆ ಸರಿಯಾಗಿ ಹೊಂದುತ್ತವೆ, ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ಇನ್ನೂ ಸ್ವಲ್ಪ ಖರ್ಚು ಮಾಡುವವರು ಹಳೆಯ 1066 ಹುಡುಕಬಹುದು. ಇವುಗಳಲ್ಲಿರುವ ಓವರ್‌ಈಸಿ ಗುಂಡಿ ಒತ್ತಿದರೆ ಥ್ರೆಷೋಲ್ಡ್ ಹತ್ತಿರ ಬರುವಾಗಲೇ ಮೆಲ್ಲಗೆ ಹಿಡಿಯಲು ಶುರುಮಾಡುತ್ತದೆ, ದನಿಗೆ ಅದು ಹಿತ. ಕಿಕ್‌ಗೆ ಆ ಗುಂಡಿ ಎದ್ದಿರಲಿ. ಒಂದೇ ಯು (ರ‍್ಯಾಕ್‌ನ ಒಂದು ಅಂತಸ್ತು) ಎತ್ತರದಲ್ಲಿ ನಾಲ್ಕು ಚಾನೆಲ್ ತುಂಬಿದ ಬೆರಿಂಜರ್ ಎಂಡಿಎಕ್ಸ್4600, ಡಿಬಿಎಕ್ಸ್ 1046ರಂಥವು ಜಾಗ ಉಳಿಸುತ್ತವೆ ನಿಜ. ಆದರೆ ಮುಖದ ಮೇಲೆ ಜಾಗವಿಲ್ಲದ್ದರಿಂದ ಅಟ್ಯಾಕ್, ರಿಲೀಸ್‌ಗೆ ಗುಂಡಿ ಕೊಡದೆ ಯಂತ್ರಕ್ಕೇ ಬಿಟ್ಟಿರುತ್ತಾರೆ. ದನಿಗೆ ಅದು ನಡೆಯುತ್ತದೆ. ಕಿಕ್, ಬೇಸ್‌ಗೆ ಕೈಯಲ್ಲಿ ಹಿಡಿತ ಇಲ್ಲದಿದ್ದರೆ ನನಗೆ ಸಮಾಧಾನ ಇಲ್ಲ.

ಕಾರಣ ಹೇಳುತ್ತೇನೆ. ಬೇಸ್ ಗಿಟಾರ್‌ನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ, ಒಂದು ಸುತ್ತಿಗೆ 24 ಮಿಲಿಸೆಕೆಂಡ್. ಅಟ್ಯಾಕ್ 1 ಮಿಲಿಸೆಕೆಂಡ್, ರಿಲೀಸ್ 30 ಮಿಲಿಸೆಕೆಂಡ್ ಇಟ್ಟರೆ ಕಂಪ್ರೆಸರ್ ಸ್ವರದ ಜೋರನ್ನು ಬಿಟ್ಟು ಒಂದೊಂದು ಅಲೆಯನ್ನೇ ಹಿಂಬಾಲಿಸುತ್ತದೆ, ಅಲೆಯ ಆಕಾರವೇ ಕೆಡುತ್ತದೆ, ಬೇಸ್ ಬಾಕ್ಸ್‌ನಲ್ಲಿ ಬುರ್ರ್ ಎಂಬ ಒರಟು ಸದ್ದು ಬರುತ್ತದೆ. ಬಾಕ್ಸ್ ಹರಿದಿದೆ ಎಂದು ಕೋನ್ ಬದಲಿಸಲು ಹೊರಡುವವರಿದ್ದಾರೆ! ಬೇಸ್‌ಗೆ ಅಟ್ಯಾಕ್ 30, ರಿಲೀಸ್ 150ರಿಂದ 200 ಮಿಲಿಸೆಕೆಂಡ್, ರೇಷಿಯೋ 4:1 ಕೊಟ್ಟು ನೋಡಿ. ಕಿಕ್‌ಗೆ ಅಟ್ಯಾಕ್ 25ರ ಹತ್ತಿರ ಇದ್ದರೆ ಬಡಿತದ ಮೊದಲ "ಟಕ್" ಹಾಗೇ ದಾಟಿಹೋಗುತ್ತದೆ, ಹಿಂದಿನ "ಧಂ" ಮಾತ್ರ ಹದಕ್ಕೆ ಬರುತ್ತದೆ. ಅಟ್ಯಾಕ್ ತೀರ ಕಡಿಮೆ ಮಾಡಿದರೆ ಟಕ್ ಹೋಗಿ ದಿಂಬಿಗೆ ಗುದ್ದಿದಂತೆ ಕೇಳುತ್ತದೆ.

ದನಿಗೆ ಹೊಂದಿಸುವ ಕ್ರಮ ಹೀಗಿರಲಿ. ಔಟ್‌ಪುಟ್ ಗೇನ್ 0, ರೇಷಿಯೋ 3:1, ಅಟ್ಯಾಕ್ 10, ರಿಲೀಸ್ 150 ಮಿಲಿಸೆಕೆಂಡ್, ಥ್ರೆಷೋಲ್ಡ್ ಪೂರ್ತಿ ಮೇಲಕ್ಕೆ, ಗೇಟ್ (ಸದ್ದು ತಗ್ಗಿದಾಗ ದಾರಿ ಮುಚ್ಚುವ ಭಾಗ) ಆಫ್. ಚಾನೆಲ್‌ನ ಲೋ ಕಟ್ ಒತ್ತಿರಲೇಬೇಕು. ಅದು ಇಲ್ಲದಿದ್ದರೆ "ಪ", "ಬ" ಅಕ್ಷರಗಳ ಗಾಳಿ, ಮೈಕ್ ಹಿಡಿದ ಕೈಯ ಸದ್ದು ಕಂಪ್ರೆಸರನ್ನು ಎಬ್ಬಿಸಿ ಕಾರಣವಿಲ್ಲದೆ ದನಿ ಮುಳುಗುತ್ತದೆ. ಈಗ ಹಾಡುಗಾರರಿಗೆ "ಹಲೋ ಚೆಕ್" ಬೇಡ, ಆ ದಿನ ಹಾಡುವ ಹಾಡುಗಳಲ್ಲೇ ಅತಿ ಏರಿನ ಸಾಲು ಹಾಡಿ ಎನ್ನಿ. ಥ್ರೆಷೋಲ್ಡನ್ನು ನಿಧಾನವಾಗಿ ಇಳಿಸುತ್ತ ಬನ್ನಿ. ಆ ಸಾಲಿನಲ್ಲಿ 6 ಡಿಬಿಯ ಎಲ್‌ಇಡಿ ಆಗೊಮ್ಮೆ ಈಗೊಮ್ಮೆ ಮಿನುಗಬೇಕು. ನಂತರ ಅದೇ ಹಾಡಿನ ಮೆಲ್ಲನೆಯ ಸಾಲು ಹಾಡಿಸಿ, ಆಗ ಒಂದು ಎಲ್‌ಇಡಿಯೂ ಹೊತ್ತಬಾರದು. ಮೆಲುದನಿಗೂ ಹೊತ್ತಿಕೊಂಡೇ ಇದ್ದರೆ ಥ್ರೆಷೋಲ್ಡ್ ತೀರ ಕೆಳಗಿದೆ, ಅದು ಬರೀ ವಾಲ್ಯೂಮ್ ಇಳಿಸುವ ಗುಂಡಿಯಾಗಿ ಕೂತಿದೆ. ಔಟ್‌ಪುಟ್ ಗೇನನ್ನು ಆಮೇಲೂ 0ಯಲ್ಲೇ ಬಿಡಿ. ತೀರ ಬೇಕೆನಿಸಿದರೆ 2 ಡಿಬಿ, ಅದಕ್ಕಿಂತ ಹೆಚ್ಚು ಬೇಡ. ಕಾರ್ಯಕ್ರಮದಲ್ಲಿ ಜನ ಸೇರಿ ಉತ್ಸಾಹ ಏರಿದಾಗ ಹಾಡುಗಾರರು ಚೆಕ್‌ನಲ್ಲಿ ಹಾಡಿದ್ದಕ್ಕಿಂತ ಜೋರಾಗಿಯೇ ಹಾಡುತ್ತಾರೆ, ಮೊದಲ ಎರಡು ಹಾಡಿನಲ್ಲಿ ಥ್ರೆಷೋಲ್ಡನ್ನು ಇನ್ನೊಮ್ಮೆ ನೋಡಿಕೊಳ್ಳಿ.

ಯಕ್ಷಗಾನಕ್ಕೆ ಈ ಲೆಕ್ಕ ಹಾಗೇ ಒಯ್ಯಬೇಡಿ. ಅಲ್ಲಿ ಭಾಗವತರ ಪಕ್ಕದಲ್ಲೇ ಚೆಂಡೆ. ಚೆಂಡೆಯ ಸದ್ದು ಭಾಗವತರ ಮೈಕ್‌ಗೆ ಅವರ ದನಿಗಿಂತ 12 ಡಿಬಿ ಕಡಿಮೆ ಬೀಳುತ್ತಿದೆ ಎಂದುಕೊಳ್ಳೋಣ. ಪದ್ಯದ ಏರಿನಲ್ಲಿ ಕಂಪ್ರೆಸರ್ 6 ಡಿಬಿ ಒತ್ತುತ್ತದೆ, ಆಗ ಅದೇ ಮೈಕ್‌ನ ಚೆಂಡೆಯೂ 6 ಡಿಬಿ ಇಳಿದಿರುತ್ತದೆ. ಭಾಗವತರು ಸಾಲು ಮುಗಿಸಿ ಜಾಗಟೆಗೆ ಬಂದರು, ಕಂಪ್ರೆಸರ್ ಬಿಟ್ಟಿತು, ಚೆಂಡೆ ಒಮ್ಮೆಗೇ 6 ಡಿಬಿ ಮುಂದಕ್ಕೆ ಹಾರಿತು. ಅಂತರ 12 ಇದ್ದದ್ದು ಈಗ ಕೇಳುವವರ ಕಿವಿಗೆ 6 ಆಗಿದೆ. ಪ್ರತಿ ಸಾಲಿನ ಕೊನೆಗೂ ಚೆಂಡೆ ಉಬ್ಬಿ ಮತ್ತೆ ತಗ್ಗುತ್ತಿದ್ದರೆ ರಾತ್ರಿಯಿಡೀ ಕೂತವರಿಗೆ ತಲೆನೋವು. ಅದಕ್ಕೇ ಭಾಗವತರಿಗೆ ರೇಷಿಯೋ 2:1, ಅತಿ ಏರಿನಲ್ಲೂ 3 ಡಿಬಿಗಿಂತ ಹೆಚ್ಚು ಒತ್ತಬೇಡಿ, ಉಳಿದದ್ದನ್ನು ಫೇಡರ್ ಮೇಲೆ ಬೆರಳಿಟ್ಟು ಕೈಯಲ್ಲೇ ಮಾಡಿ. ಪದ್ಯ ಎತ್ತುವ ಹೊತ್ತು, ಮುಗಿಸುವ ಹೊತ್ತು ನಾಲ್ಕು ಆಟ ಕೂತು ಕೇಳಿದವರಿಗೆ ತಿಳಿಯುತ್ತದೆ. ಆ ಕೈಗೆ ಸಮನಾದ ಯಂತ್ರ ಇಲ್ಲ. ಕಂಪ್ರೆಸರ್‌ಗೆ ಹಾಕುವ ದುಡ್ಡಿಗಿಂತ ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಒಳ್ಳೆಯ ಸೂಪರ್ ಕಾರ್ಡಿಯಾಯ್ಡ್ ಮೈಕ್ ಇಲ್ಲಿ ಹೆಚ್ಚು ಉಪಕಾರಿ. ಅದು ಅತಿ ಕಡಿಮೆ ಕೇಳಿಸಿಕೊಳ್ಳುವ ದಿಕ್ಕು ನೇರ ಹಿಂದೆ ಅಲ್ಲ, ಮುಖದಿಂದ ಸುಮಾರು 125 ಡಿಗ್ರಿ ಪಕ್ಕಕ್ಕೆ. ಮೈಕ್‌ನ ಬಾಲವನ್ನು ಚೆಂಡೆಗೆ ನೇರ ತೋರಿಸದೆ ಸ್ವಲ್ಪ ಓರೆ ಮಾಡಿ, ಒಬ್ಬರು ಚೆಂಡೆ ಬಾರಿಸುತ್ತಿರಲಿ, ಇನ್ನೊಬ್ಬರು ಸ್ಟ್ಯಾಂಡ್ ತಿರುಗಿಸುತ್ತ ಸದ್ದು ತೀರ ತಗ್ಗುವ ಕೋನ ಹುಡುಕಲಿ. ಐದು ನಿಮಿಷದ ಕೆಲಸ. ಗೇಟ್ ಮಾತ್ರ ಭಾಗವತರ ಮೈಕ್‌ಗೆ ಎಂದೂ ಬೇಡ. ಆಲಾಪದ ಸಣ್ಣ ಎಳೆಗಳನ್ನು ಅದು ಕತ್ತರಿಸುತ್ತದೆ, ಚೆಂಡೆ ಬಿದ್ದಾಗ ತಾನೇ ತೆರೆದುಕೊಳ್ಳುತ್ತದೆ.

ಆರ್ಕೆಸ್ಟ್ರಾದಲ್ಲೂ ಗೇಟ್ ಬೇಕಾಗುವುದು ಡ್ರಮ್ ಸೆಟ್ ಇದ್ದಾಗ, ಕಿಕ್ ಮತ್ತು ಟಾಮ್‌ಗೆ ಮಾತ್ರ. ನಿಮ್ಮ ಕಂಪ್ರೆಸರ್‌ನಲ್ಲಿಯೇ ಇರುವ ಗೇಟ್ ಸಾಕು, ಬೇರೆ ಕೊಳ್ಳಬೇಡಿ.

ಎಫೆಕ್ಟ್‌ಗೆ ಬರೋಣ. ಎರಡು ಬೇಕು: ಒಂದು ರಿವರ್ಬ್ (ದೊಡ್ಡ ಕೋಣೆಯಂಥ ಮೊಳಗು), ಒಂದು ಡಿಲೇ (ಅಕ್ಷರವನ್ನು ತಡವಾಗಿ ಮರುಕಳಿಸುವುದು). ನಮ್ಮ ಕಡೆ ಹಾಡುಗಾರರು ಎರಡಕ್ಕೂ "ಎಕೋ" ಎನ್ನುತ್ತಾರೆ, ಆದರೆ ಇವು ಬೇರೆ ಬೇರೆ ಜಾಗದಲ್ಲಿ ಕೆಲಸಕ್ಕೆ ಬರುವ ಬೇರೆ ಬೇರೆ ವಸ್ತು. ಗಣಪತಿ ಪೆಂಡಾಲಿನ ಬಯಲಿನಲ್ಲಿ ಗೋಡೆ ಇಲ್ಲ, ದನಿ ಒಣಗಿದಂತೆ ಕೇಳುತ್ತದೆ, ಅಲ್ಲಿ ರಿವರ್ಬ್ ಬೇಕು: ಪ್ಲೇಟ್ ಬಗೆಯದು, 1.5ರಿಂದ 2 ಸೆಕೆಂಡ್, ಪ್ರೀ ಡಿಲೇ 40 ಮಿಲಿಸೆಕೆಂಡ್. ಪ್ರೀ ಡಿಲೇ ಕೊಟ್ಟರೆ ಅಕ್ಷರ ಮೊದಲು ಸ್ಪಷ್ಟವಾಗಿ ಬಂದು, ಹಿಂದಿನಿಂದ ತೇಲು ಬರುತ್ತದೆ, ಸಾಹಿತ್ಯ ಮುಳುಗುವುದಿಲ್ಲ. ಕಲ್ಯಾಣ ಮಂಟಪದ ಕಥೆಯೇ ಬೇರೆ. ಗ್ರಾನೈಟ್ ನೆಲ, ಬರಿ ಗೋಡೆ, ಎತ್ತರದ ಸೀಲಿಂಗ್. ಚಪ್ಪಾಳೆ ಹೊಡೆದರೆ 3 ಸೆಕೆಂಡ್ ಮೊಳಗುವ ಮಂಟಪಗಳಿವೆ. ಅಂಥ ಕಡೆ ರಿವರ್ಬ್ ಫೇಡರ್ ಪೂರ್ತಿ ಕೆಳಗಿರಲಿ, ಕಟ್ಟಡವೇ ಅದನ್ನು ಬೇಡದಿದ್ದರೂ ಕೊಡುತ್ತಿದೆ. ಹಾಡುಗಾರರು ಬಿಡದೆ ಕೇಳಿದರೆ ಅವರ ಮಾನಿಟರ್‌ನಲ್ಲಿ ಒಂದಿಷ್ಟು ಕೊಡಿ, ಹೊರಗೆ ಬೇಡ. ಹೊರಗೆ ಒಂದೋ ಎರಡೋ ಸಲ ಮರುಕಳಿಸುವ ಡಿಲೇ ಸಾಕು.

ಡಿಲೇ ಯಂತ್ರಕ್ಕೆ ಟ್ಯಾಪ್ ಗುಂಡಿ (ತಾಳಕ್ಕೆ ಸರಿಯಾಗಿ ಒತ್ತಿ ಸಮಯ ಹೊಂದಿಸುವುದು) ಮುಂದೆಯೇ ಇರಬೇಕು, ಇದರಲ್ಲಿ ರಾಜಿ ಬೇಡ. 60,000ವನ್ನು ಹಾಡಿನ ಬಿಪಿಎಂನಿಂದ, ಅಂದರೆ ನಿಮಿಷದ ತಾಳಪೆಟ್ಟುಗಳ ಸಂಖ್ಯೆಯಿಂದ, ಭಾಗಿಸಿದರೆ ಒಂದು ತಾಳಪೆಟ್ಟಿನ ಮಿಲಿಸೆಕೆಂಡ್ ಸಿಗುತ್ತದೆ. 120ರ ಹಾಡಿಗೆ 500, 96ರ ಹಾಡಿಗೆ 625. 500ರಲ್ಲಿ ಇಟ್ಟ ಡಿಲೇಯನ್ನು 96ರ ಹಾಡಿಗೂ ಹಾಗೇ ಬಿಟ್ಟರೆ ಮರುಕಳಿಸುವ ಅಕ್ಷರ ತಾಳದ ನಡುವೆ ಎಲ್ಲೋ ಬಿದ್ದು, ಹಾಡುಗಾರ ತಪ್ಪಿದಂತೆ ಜನರಿಗೆ ಕೇಳುತ್ತದೆ. ಪ್ರತಿ ಹಾಡು ಶುರುವಾದಾಗ ನಾಲ್ಕು ಸಲ ಟ್ಯಾಪ್ ಮಾಡುವುದು ಅಭ್ಯಾಸವಾಗಲಿ. ಟಿಸಿ ಎಲೆಕ್ಟ್ರಾನಿಕ್ ಡಿ-ಟೂ ಈ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರ. ರಿವರ್ಬ್‌ಗೆ ಅದೇ ಕಂಪನಿಯ ಎಂ-ಒನ್ ಚೆನ್ನಾಗಿದೆ. ಒಂದೇ ಯಂತ್ರದಲ್ಲಿ ಎರಡೂ ಆಗಬೇಕೆಂದರೆ ಲೆಕ್ಸಿಕಾನ್ ಎಂಎಕ್ಸ್200 ನೋಡಿ. ಅದರಲ್ಲಿ ಎರಡು ಪ್ರೊಸೆಸರ್ ಇವೆ. ಡ್ಯುಯಲ್ ಮೋನೋ ರೂಟಿಂಗ್‌ನಲ್ಲಿ ಎಡ ಇನ್‌ಪುಟ್‌ಗೆ ರಿವರ್ಬ್, ಬಲಕ್ಕೆ ಡಿಲೇ ಬೇರೆ ಬೇರೆಯಾಗಿ ನಡೆಯುತ್ತವೆ. ಎರಡೂ ಮೋನೋ ಆಗುತ್ತವೆ, ಬಯಲು ಕಾರ್ಯಕ್ರಮದಲ್ಲಿ ಅದು ಯಾರಿಗೂ ಗೊತ್ತಾಗುವುದಿಲ್ಲ.

ಜೋಡಿಸುವಾಗ ಆಕ್ಸ್ 1ರಿಂದ 4 ಪ್ರೀ ಫೇಡರ್ ಮಾಡಿ ಮಾನಿಟರ್‌ಗೆ ಇಟ್ಟುಕೊಳ್ಳಿ, 5 ಮತ್ತು 6 ಪೋಸ್ಟ್ ಫೇಡರ್ ಮಾಡಿ ರಿವರ್ಬ್‌ಗೊಂದು, ಡಿಲೇಗೊಂದು. ಪೋಸ್ಟ್ ಆಗದಿದ್ದರೆ ಹಾಡುಗಾರನ ಫೇಡರ್ ಇಳಿಸಿದ ಮೇಲೂ ಅವನ ಎಕೋ ದೆವ್ವದಂತೆ ಉಳಿಯುತ್ತದೆ. ಯಂತ್ರದ ಮಿಕ್ಸ್ 100 ಪರ್ಸೆಂಟ್ ವೆಟ್, ಅಂದರೆ ಬರೀ ಎಫೆಕ್ಟ್ ಬರಲಿ. ಮೂಲ ದನಿ ಅದರೊಳಗಿಂದಲೂ ಹಾದು ಬಂದರೆ ಡಿಜಿಟಲ್ ಯಂತ್ರದ ಕೆಲವೇ ಮಿಲಿಸೆಕೆಂಡ್ ತಡದಿಂದಾಗಿ ಎರಡು ದನಿ ಒಂದನ್ನೊಂದು ಕಡಿದು ಕೊಳವೆಯೊಳಗಿಂದ ಹಾಡಿದಂತಾಗುತ್ತದೆ. ವಾಪಸ್ ಬರುವುದನ್ನು ಎಫ್‌ಎಕ್ಸ್ ರಿಟರ್ನ್ ಸಾಕೆಟ್‌ಗೆ ಹಾಕುವ ಬದಲು ಖಾಲಿ ಚಾನೆಲ್‌ಗಳ ಲೈನ್ ಇನ್‌ಗೆ ಹಾಕಿ, ಆಗ ಇಕ್ಯೂ ಸಿಗುತ್ತದೆ. 200 ಹರ್ಟ್ಸ್ ಕೆಳಗಿನದನ್ನು ತೆಗೆದುಬಿಡಿ, ರಿವರ್ಬ್‌ನ ಗೊಂದಲ ಅರ್ಧ ಹೋಗುತ್ತದೆ. ಆದರೆ ಆ ಚಾನೆಲ್‌ನ ಆಕ್ಸ್ 5 ಮತ್ತು 6 ಪೂರ್ತಿ ಮುಚ್ಚಿರಬೇಕು. ಯಂತ್ರದಿಂದ ಬಂದದ್ದನ್ನು ಮತ್ತೆ ಯಂತ್ರಕ್ಕೇ ಕಳಿಸಿದರೆ ಕ್ಷಣದಲ್ಲಿ ಊಳಿಡುತ್ತದೆ. ಗುಂಡಿಯ ಮೇಲೆ ಟೇಪ್ ಅಂಟಿಸಿಬಿಡುವುದು ಕ್ಷೇಮ.

ಎರಡು ರಿಟರ್ನನ್ನೂ ಗ್ರೂಪ್ 4ಕ್ಕೆ ಕಳಿಸಿ. ನಾಲ್ಕನೆಯದನ್ನು ಖಾಲಿ ಬಿಡಿ ಎಂದದ್ದು ಇದಕ್ಕೇ. ಹಾಡು ಮುಗಿದು ಗಾಯಕರು ಮಾತಿಗೆ ನಿಂತ ಕೂಡಲೇ ಒಂದೇ ಫೇಡರ್ ಕೆಳಗೆ, ಎಕೋ ಮಾಯ. ಗಣ್ಯರ ಭಾಷಣಕ್ಕೆ ಎಕೋ ಬಿಟ್ಟರೆ ಒಂದು ಮಾತೂ ಹಿಂದಿನ ಸಾಲಿಗೆ ತಿಳಿಯುವುದಿಲ್ಲ, ಸೌಂಡ್ಸ್‌ನವರ ಹೆಸರು ಕೆಡುವುದು ಹೆಚ್ಚಾಗಿ ಅಲ್ಲೇ.

ಇನ್ಸರ್ಟ್ ವಯರ್ ಬಗ್ಗೆ ಹೇಳಲೇಬೇಕು. ಒಂದು ಕಡೆ ಮೂರು ಸಂಪರ್ಕದ ಸ್ಟೀರಿಯೋ ಜಾಕ್, ಇನ್ನೊಂದು ಕಡೆ ಎರಡು ಮೋನೋ ಜಾಕ್. ಹೆಚ್ಚಿನ ಮಿಕ್ಸರ್‌ಗಳಲ್ಲಿ ತುದಿಯಿಂದ ಸಿಗ್ನಲ್ ಹೊರಗೆ ಹೋಗುತ್ತದೆ, ನಡುವಿನ ಉಂಗುರದಿಂದ ಒಳಗೆ ಬರುತ್ತದೆ. ತುದಿಯದ್ದು ಕಂಪ್ರೆಸರ್‌ನ ಇನ್‌ಪುಟ್‌ಗೆ, ಉಂಗುರದ್ದು ಔಟ್‌ಪುಟ್‌ಗೆ. ಅದಲು ಬದಲಾದರೆ ಆ ದಾರಿ ಸತ್ತಂತೆ ಮೌನ. ಎರಡು ಮೋನೋ ಜಾಕ್‌ಗೂ ಬೇರೆ ಬಣ್ಣದ ಸ್ಲೀವ್ ಹಾಕಿಟ್ಟುಕೊಳ್ಳಿ. ಇನ್ನೊಂದು ರೋಗ ನಿಮ್ಮ ಮಳೆ ಸೀಮೆಯಲ್ಲಿ ಹೆಚ್ಚು. ಇನ್ಸರ್ಟ್ ಸಾಕೆಟ್ ಖಾಲಿ ಇದ್ದಾಗ ಒಳಗಿನ ಎರಡು ಎಲೆಗಳು ಒಂದಕ್ಕೊಂದು ತಾಗಿ ಸಿಗ್ನಲನ್ನು ದಾಟಿಸುತ್ತವೆ. ತೇವದಿಂದ ಅವು ಕಿಲುಬು ಹಿಡಿದರೆ ಚಾನೆಲ್ ಇದ್ದಕ್ಕಿದ್ದಂತೆ ಕ್ಷೀಣಿಸುತ್ತದೆ, ಕರಕರ ಎನ್ನುತ್ತದೆ. ಮಿಕ್ಸರ್ ಕೆಟ್ಟಿತೆಂದು ಬಿಚ್ಚುವ ಮೊದಲು ಒಂದು ಸ್ಟೀರಿಯೋ ಜಾಕ್‌ನಲ್ಲಿ ತುದಿ ಮತ್ತು ಉಂಗುರವನ್ನು ಬೆಸುಗೆ ಹಾಕಿ ಸೇರಿಸಿ, ಅದನ್ನು ಇನ್ಸರ್ಟ್‌ಗೆ ಚುಚ್ಚಿ ನೋಡಿ. ದನಿ ತಟ್ಟನೆ ಸರಿಯಾದರೆ ರೋಗ ಆ ಎಲೆಗಳದ್ದೇ. ಅಂದಿನ ಕಾರ್ಯಕ್ರಮ ಆ ಜಾಕ್ ಚುಚ್ಚಿಕೊಂಡೇ ಮುಗಿಯುತ್ತದೆ, ಮರುದಿನ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಹತ್ತಿಪ್ಪತ್ತು ಸಲ ಜಾಕ್ ಒಳಗೆ ಹೊರಗೆ ಮಾಡಿದರಾಯಿತು. ಇಂಥ ಎರಡು ಜಾಕ್ ಪೆಟ್ಟಿಗೆಯಲ್ಲಿ ಸದಾ ಇರಲಿ.

ಬಾಕ್ಸ್ ಸುಡದಂತೆ ಮೇನ್ ಔಟ್‌ಗೆ ಒಂದು ಕಂಪ್ರೆಸರ್ ಹಾಕಲೇ ಎಂದು ಕೆಲವರು ಕೇಳುತ್ತಾರೆ. ಬೇಡ. ಬೇಸ್ ಬಡಿದಾಗಲೆಲ್ಲ ದನಿಯೂ ತಗ್ಗುತ್ತದೆ. ಕಾವಲು ಇರಬೇಕಾದದ್ದು ಕ್ರಾಸ್‌ಓವರ್ (ಟಾಪ್, ಬೇಸ್ ಸದ್ದು ಬೇರ್ಪಡಿಸುವ ಭಾಗ) ಆದ ಮೇಲೆ, ಟಾಪ್‌ಗೆ ಬೇರೆ, ಬೇಸ್‌ಗೆ ಬೇರೆ. ಡಿಬಿಎಕ್ಸ್ ಡ್ರೈವ್‌ರ‍್ಯಾಕ್ ಪಿಎ2 ಅಥವಾ ಬೆರಿಂಜರ್ ಡಿಸಿಎಕ್ಸ್2496ರಂಥ ಪ್ರೊಸೆಸರ್ ಒಳಗಿನ ಲಿಮಿಟರ್ (ಇಟ್ಟ ಮಿತಿ ದಾಟದಂತೆ ತಡೆಯುವ ಭಾಗ) ಆ ಕೆಲಸಕ್ಕೆ. ಲೆಕ್ಕ ಹೀಗೆ: 8 ಓಮ್‌ನ, 400 ವಾಟ್ ಆರ್‌ಎಂಎಸ್ ತಾಳುವ ಬಾಕ್ಸ್‌ಗೆ ಗರಿಷ್ಠ 56.6 ವೋಲ್ಟ್ ಸಲ್ಲುತ್ತದೆ. ಆಂಪ್ಲಿಫೈಯರ್ ಗೇನ್ 32 ಡಿಬಿ, ಅಂದರೆ ಸುಮಾರು 40 ಪಟ್ಟು ಇದ್ದರೆ ಅದರ ಇನ್‌ಪುಟ್‌ಗೆ 1.41 ವೋಲ್ಟ್, ಹೆಚ್ಚೂ ಕಡಿಮೆ +5 ಡಿಬಿಯು (ಸಿಗ್ನಲ್ ವೋಲ್ಟೇಜನ್ನು ಡಿಬಿಯಲ್ಲಿ ಹೇಳುವ ಅಳತೆ). ಆರ್‌ಎಂಎಸ್ ಲಿಮಿಟರ್ ಅಲ್ಲಿ ನಿಲ್ಲಲಿ. ಇದು ಆಂಪ್ಲಿಫೈಯರ್‌ನ ಗುಂಡಿ ಪೂರ್ತಿ ತೆರೆದಿರುವಾಗಿನ ಲೆಕ್ಕ.

ಎಂಟಕ್ಕಿಂತ ಹೆಚ್ಚು ಚಾನೆಲ್ ಕಂಪ್ರೆಸರ್ ಬೇಕೆನ್ನುವ ಹಂತ ಬಂದರೆ ಯಂತ್ರ ಕೂಡಿಸುತ್ತ ಹೋಗಬೇಡಿ. 2012ರಲ್ಲಿ ಬಂದ ಬೆರಿಂಜರ್ ಎಕ್ಸ್32ರಂಥ ಡಿಜಿಟಲ್ ಮಿಕ್ಸರ್‌ನಲ್ಲಿ 32 ಚಾನೆಲ್‌ಗೂ ಗೇಟ್, ಕಂಪ್ರೆಸರ್, ಮೇಲೆ 8 ಎಫೆಕ್ಟ್ ಒಳಗೇ ಇವೆ. ಆದರೆ ಚೆನ್ನಾಗಿರುವ ಅನಲಾಗ್ ಮಿಕ್ಸರ್ ಕೈಯಲ್ಲಿದ್ದು, ಅದನ್ನು ಕಣ್ಣುಮುಚ್ಚಿ ನಡೆಸಬಲ್ಲ ಹುಡುಗರಿದ್ದರೆ, ಮೇಲೆ ಹೇಳಿದ ಆರು ಚಾನೆಲ್ ಮತ್ತು ಎರಡು ಎಫೆಕ್ಟ್‌ನಲ್ಲಿ ನಿಮ್ಮ ಮೂರೂ ಬಗೆಯ ಕಾರ್ಯಕ್ರಮ ಚೆನ್ನಾಗಿ ನಡೆಯುತ್ತದೆ. ಮೂರು ಕಂಪ್ರೆಸರ್, ಎರಡು ಎಫೆಕ್ಟ್, ಒಂದು ಪವರ್ ಸ್ಟ್ರಿಪ್, ನಡುವೆ ಗಾಳಿಯಾಡಲು ಖಾಲಿ ಜಾಗ: 8 ಯು ರ‍್ಯಾಕ್ ಸಾಕಾಗುತ್ತದೆ. ರ‍್ಯಾಕ್ ಮತ್ತು ಮಿಕ್ಸರ್ ಎರಡೂ ಒಂದೇ ಆನ್‌ಲೈನ್ ಯುಪಿಎಸ್‌ನಿಂದ ನಡೆಯಲಿ. ಜನರೇಟರ್‌ಗೆ ಬದಲಾಗುವ ಅರೆ ಕ್ಷಣದಲ್ಲಿ ಡಿಜಿಟಲ್ ಎಫೆಕ್ಟ್‌ಗಳು ಆಫ್ ಆಗಿ ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಹಮ್ಮಿಂಗ್ ಬಂದರೆ ಸಿಗ್ನಲ್ ವಯರ್‌ನ ಶೀಲ್ಡನ್ನು ಒಂದು ತುದಿಯಲ್ಲಿ ಬಿಡಿಸಿ ನೋಡಬಹುದು, ಅದೂ ಬ್ಯಾಲೆನ್ಸ್‌ಡ್ ವಯರ್ ಆಗಿದ್ದರೆ ಮಾತ್ರ. ಕರೆಂಟ್ ಪ್ಲಗ್‌ನ ಅರ್ತ್ ಪಿನ್ ಮಾತ್ರ ಎಂದೂ ಕೀಳಬೇಡಿ, ಒದ್ದೆ ನೆಲದ ಮೇಲೆ ಮೈಕ್ ಹಿಡಿದು ನಿಲ್ಲುವವರ ಜೀವದ ಪ್ರಶ್ನೆ ಅದು.

ಕೊನೆಗೆ ಆ ಎಸ್‌ಪಿಎಕ್ಸ್90. 1985ರ ಯಂತ್ರ, ಒಂದು ಕಾಲದಲ್ಲಿ ದೊಡ್ಡ ದೊಡ್ಡ ಸಿಸ್ಟಮ್‌ಗಳ ರ‍್ಯಾಕ್‌ನಲ್ಲೆಲ್ಲ ಇದ್ದದ್ದು. ದನಿಗೆ ಅದರ ರಿವರ್ಬ್ ಈಗಲೂ ಚೆಂದ, ಕಡಿಮೆ ಬೆಲೆಗೆ ಬಂದರೆ ಎರಡನೆಯ ಯಂತ್ರವಾಗಿ ತೆಗೆದುಕೊಳ್ಳಿ. ಕೊಳ್ಳುವ ಮೊದಲು ಅಲ್ಲೇ ಒಂದು ಪ್ರೋಗ್ರಾಮ್ ಸೇವ್ ಮಾಡಿ, ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಅಳಿಸಿಹೋಗಿದ್ದರೆ ಒಳಗಿನ ಲಿಥಿಯಂ ಬ್ಯಾಟರಿ ಮುಗಿದಿದೆ. ಅದು ಬೋರ್ಡ್‌ಗೆ ಬೆಸೆದಿರುವುದರಿಂದ ಬದಲಿಸಲು ಮೆಕ್ಯಾನಿಕ್ ಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ. ಬೇರೆ ಯಂತ್ರಗಳಲ್ಲಿ ಹೊರಗಿನ ಅಡಾಪ್ಟರ್ ಇದ್ದರೆ ಅದೂ ಜೊತೆಗೇ ಬರಬೇಕು. ಕೆಲವಕ್ಕೆ ಡಿಸಿ ಅಲ್ಲ, ಎಸಿ ಔಟ್‌ಪುಟ್‌ನ ಅಡಾಪ್ಟರ್ ಬೇಕಾಗುತ್ತದೆ, ಅಂಗಡಿಯಲ್ಲಿ ಸಿಕ್ಕ ಯಾವುದೋ 9 ವೋಲ್ಟಿನದನ್ನು ಚುಚ್ಚಬಾರದು. ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಆದರೆ ಮೊಬೈಲ್‌ನಿಂದ 1 ಕಿಲೋಹರ್ಟ್ಸ್ ಟೋನ್ ಕೊಟ್ಟು, ರೇಷಿಯೋ 1:1ರಲ್ಲಿ ಎರಡು ಚಾನೆಲ್‌ನ ಮಟ್ಟವೂ ಒಂದೇ ಇದೆಯೇ ನೋಡಿ, ಥ್ರೆಷೋಲ್ಡ್ ಇಳಿಸುತ್ತ ಎರಡೂ ಸಾಲಿನ ಎಲ್‌ಇಡಿ ಒಟ್ಟಿಗೆ ಹೊತ್ತುತ್ತವೆಯೇ ನೋಡಿ. ಆಮೇಲೆ ಟೋನ್ ನಡೆಯುತ್ತಿರುವಾಗಲೇ ಅದರ ಕರೆಂಟ್ ತೆಗೆಯಿರಿ. ಕೆಲವು ಯಂತ್ರಗಳು ಸಿಗ್ನಲನ್ನು ಹಾಗೇ ದಾಟಿಸುತ್ತವೆ, ಕೆಲವು ಮುಚ್ಚಿಬಿಡುತ್ತವೆ. ಮುಚ್ಚುವ ಯಂತ್ರವನ್ನು ಮುಖ್ಯ ಗಾಯಕರ ಗ್ರೂಪ್‌ಗೆ ಹಾಕಬೇಡಿ, ಬೇಸ್ ಗಿಟಾರ್‌ಗೆ ಇಡಿ.